ಬಂದ್ ಮಾಡಿದ ಮೇಲೂ ಉಳಿಯುವ ಕರೆಂಟು

ಜೂನ್ 9, ರವಿವಾರ

ಇವತ್ತು ಮತ್ತೆ ಇವರು ಆ ಪೆಟ್ಟಿಗೆಯ ಮುಚ್ಚಳ ತೆಗೆದಿದ್ದಾರೆ. ನಾನು ರೊಟ್ಟಿ ಬಡಿಯುವುದನ್ನು ಬಿಟ್ಟು ಹಿಟ್ಟಿನ ಕೈಯಲ್ಲೇ ಓಡಿ ಬಂದೆ. ಸ್ಕ್ರೂಗಳೆಲ್ಲ ಸ್ಟೀಲಿನ ಬಟ್ಟಲಲ್ಲಿದ್ದವು. ಇವರು ಬಗ್ಗಿ ಒಳಗೆ ನೋಡುತ್ತಿದ್ದರು, ಬಲಗೈ ಗಾಳಿಯಲ್ಲಿತ್ತು. ಇನ್ನೊಂದು ಗಳಿಗೆ ತಡವಾಗಿದ್ದರೆ ಒಳಗೇ ಇರುತ್ತಿತ್ತು.

"ಡಾಕ್ಟರ ಏನ ಹೇಳ್ಯಾರ ನಿಮಗ?" ಎಂದೆ.

"ಮುಟ್ಟಿಲ್ಲ. ಬರೇ ನೋಡಲತ್ತೀನಿ."

"ನೋಡಲಾಕ ಮುಚ್ಚಳ ಯಾಕ ತೆಗಿಬೇಕು?"

"ಮುಚ್ಚಿದ್ರ ಕಾಣಸ್ತದೇನು?"

ಶಾಲೆಯಲ್ಲಿ ವಿಜ್ಞಾನ ಕಲಿಸುವ ಮಾಸ್ತರರು. ಮಾತಿಗೇನು ಬರವೇ.

ಸೊಲ್ಲಾಪುರದ ದವಾಖಾನೆಯಲ್ಲಿ ಇವರ ಎದೆಯ ಎಡಭಾಗದಲ್ಲಿ, ಚರ್ಮದ ಕೆಳಗೆ, ಬೆಂಕಿಪೆಟ್ಟಿಗೆಗಿಂತ ಚಿಕ್ಕ ಮಷೀನು ಕೂರಿಸಿ ಕಳಿಸಿದ್ದು ಮೇ ತಿಂಗಳಲ್ಲಿ. ಹೃದಯ ಹಾದಿ ತಪ್ಪಿದರೆ ಅದು ಒಂದು ತಟ್ಟು ತಟ್ಟಿ ದಾರಿಗೆ ತರುತ್ತದಂತೆ. ಭಾರ ಎತ್ತಬೇಡಿ, ಮೊಬೈಲು ಎಡಗಿಸೆಯಲ್ಲಿ ಇಡಬೇಡಿ, ಕರೆಂಟಿನ ರಿಪೇರಿ ಕೆಲಸವಂತೂ ಪೂರ್ತಿ ಬಂದ್, ಒಂದು ಶಾಕ್ ಹೊಡೆದರೆ ಆಮೇಲೆ ನನ್ನ ಕೈಯಲ್ಲೂ ಏನೂ ಇಲ್ಲ ಎಂದು ಡಾಕ್ಟರು ಹೇಳಿದಾಗ ಇವರು ಗೋವಿನಂತೆ ತಲೆಯಾಡಿಸಿದ್ದರು. ನಮ್ಮ ಉಮರ್ಗಾದ ಬಸ್ ಸ್ಟ್ಯಾಂಡಿನಲ್ಲಿ ಇಳಿಯುವ ಹೊತ್ತಿಗೆ ಮರೆತಿದ್ದರು.

ಪೆಟ್ಟಿಗೆ ಎಂದರೆ ಇವರ ಪ್ರಿಆಂಪ್. ಹೋದ ದೀಪಾವಳಿಗೆ ಉದಗೀರದಲ್ಲಿ ಒಬ್ಬ ಡಾಕ್ಟರರ ಹಳೇ ಮನೆ ಕೆಡವುತ್ತಿದ್ದಾಗ ಹಳೇ ರೆಕಾರ್ಡುಗಳ ಜೊತೆ ತಂದದ್ದು. ತಿರುಗುವ ರೆಕಾರ್ಡಿನ ಮೇಲೆ ಸೂಜಿ ಎತ್ತುವ ಇರುವೆಯಂಥ ಸದ್ದನ್ನು ಇದು ಮೊದಲು ಬೆಳೆಸಿ ದೊಡ್ಡ ಆಂಪ್ಲಿಫೈಯರಿಗೆ ಕೊಡುತ್ತದೆ. ಇದರಲ್ಲಿ ಈಗಿನ ಕಾಲದ ಸಾಮಾನು ಒಂದೂ ಇಲ್ಲ, ಗಾಜಿನ ವಾಲ್ವುಗಳು. ಅವು ಕೆಂಪಗೆ ಹೊತ್ತಿಕೊಂಡಾಗ ಚೆಂದವೇ ಕಾಣುತ್ತವೆ, ಸುಳ್ಳೇಕೆ ಹೇಳಲಿ. ಆದರೆ ಒಳಗೆ ಮುನ್ನೂರರ ಹತ್ತಿರ ವೋಲ್ಟು ಓಡುತ್ತದೆ. ಪ್ಲಗ್ ಕಿತ್ತ ಮೇಲೂ ಒಳಗಿನ ಡಬ್ಬಿಯಂಥ ಕೆಪ್ಯಾಸಿಟರುಗಳಲ್ಲಿ ಕರೆಂಟು ಕೂತೇ ಇರುತ್ತದೆ, ಮುಟ್ಟಿದವರನ್ನು ಹಿಡಿಯುತ್ತದೆ. ಇದನ್ನು ನನಗೆ ಹೇಳಿದವರು ಇವರೇ. ಮದುವೆಗೆ ಬಂದ ನೆಂಟರ ಸುದ್ದಿ ಹೇಳಿದಷ್ಟು ಖುಷಿಯಿಂದ ಹೇಳಿದ್ದರು.

ನನಗೆ ಹೆದರಿಕೆಯಾಗುತ್ತಿದೆ. ಯಾರ ಮುಂದೆ ಹೇಳಲಿ? ಅದಕ್ಕೇ ಬರೆಯುತ್ತಿದ್ದೇನೆ. ಈ ಮನೆಯಲ್ಲಿ ಎಲ್ಲರೂ ಆಡುವುದು ಕನ್ನಡವೇ, ಓದಿದ್ದು ಮಾತ್ರ ಮರಾಠಿ. ಬಸವಕಲ್ಯಾಣದ ಕನ್ನಡ ಶಾಲೆಯಲ್ಲಿ ಕಲಿತವಳು ನಾನೊಬ್ಬಳೇ. ಈ ಬರೆಯುವ ವಹಿಯನ್ನು ನಡುಮನೆಯಲ್ಲಿ ತೆರೆದಿಟ್ಟರೂ ಯಾರಿಗೂ ಓದಲು ಬಾರದು.

ಜೂನ್ 11, ಮಂಗಳವಾರ

ಸ್ಕ್ರೂಡ್ರೈವರನ್ನು ಜೋಳದ ಡಬ್ಬದಲ್ಲಿ ಹುಗಿದೆ. ಬೆಣ್ಣೆ ಚಾಕುವಿನಿಂದಲೇ ಸ್ಕ್ರೂ ತೆಗೆದಿದ್ದಾರೆ.

ಜೂನ್ 15, ಶನಿವಾರ

ಎರಡು ದಿನ ಮಾತು ಬಿಟ್ಟೆ. ಅದರಿಂದ ಇವರಿಗೆ ಅನುಕೂಲವೇ ಆಯಿತು.

ಅತ್ತೆಯ ಹತ್ತಿರ ದೂರು ಕೊಟ್ಟೆ. ಅತ್ತೆ, ಮುಕ್ತಾಬಾಯಿ, ನಿಲಂಗಾದ ಹೊಲಮನೆಯಲ್ಲಿ ಆಳುಕಾಳುಗಳನ್ನು ಬರೀ ಕಣ್ಣಿನಿಂದ ಹದ್ದುಬಸ್ತಿನಲ್ಲಿ ಇಟ್ಟವರು. ಮಗನಿಗೆ ಹೀಗಾಯಿತೆಂದು ಇಲ್ಲಿ ಬಂದು ಕೂತಿದ್ದಾರೆ. ಮಗನನ್ನು ಕರೆದು ಹೇಳಿದರು, "ಬಸ್ಸೂ, ಆ ಡಬ್ಬಾ ಒಯ್ದು ಯಾರಿಗಾರ ಕೊಟ್ಟು ಬಾ. ನಾ ಇನ್ನ ಏನೂ ನೋಡಲಾಕ ತಯಾರಿಲ್ಲ."

"ಕೊಡ್ತೀನಿ ಅವ್ವ," ಎಂದರು ಇವರು. "ಎಡಗಡಿಂದು ಖರ್ರ್ ಅಂತದ. ಅಷ್ಟ ಸರಿಮಾಡಿ ಕೊಡ್ತೀನಿ."

ಅತ್ತೆ ನನ್ನ ಕಡೆ ನೋಡಿದರು. ನಾಯಿ ಬಾಲ ನಳಿಗೆಯಲ್ಲಿ ಹಾಕಿದರೂ ಡೊಂಕೇ ಎಂದು ಇಬ್ಬರೂ ಒಂದೇ ಸಲ ಅಂದುಕೊಂಡೆವು.

ಜೂನ್ 16, ರವಿವಾರ

ಇವತ್ತು ಜಗಳವಾಡಿದೆ. ಅತ್ತೆ ಗುಡಿಗೆ ಹೋಗಿದ್ದರು, ಬಾಯಿಗೆ ಬಂದದ್ದೆಲ್ಲ ಅಂದೆ. ನಿಮಗೆ ನಾನು ಬೇಡ, ಅವ್ವ ಬೇಡ, ಆ ಸುಡುಗಾಡು ಪೆಟ್ಟಿಗೆ ಸಾಕು, ಅದರ ಜೊತೆಗೇ ಸುಟ್ಟುಹೋಗಿ ಎಂದುಬಿಟ್ಟೆ.  ಗಂಡನಿಗೆ ಆಡುವ ಮಾತೇ ಅದು?

ಇವರು ಸಿಟ್ಟಾಗಲಿಲ್ಲ. ಅಂಗಿಯ ಮೇಲೆ ಕೈಯಿಟ್ಟುಕೊಂಡು ಹೇಳಿದರು: "ಗಪ್ಪ ಕೂತರ ಇದರ ಕಡೆನೇ ಧ್ಯಾನ ಹೋಗ್ತದ, ಉಜ್ವಲಾ. ಈಗ ತಟ್ಟತು, ಈಗ ತಟ್ಟಲಿಲ್ಲ. ಈಗ ನಿಂತ್ರ? ಹಿಂಗ. ದಿನಾ ಪೂರಾ. ಹಾಡ ಹಚ್ಚಿದ್ರ ಅಷ್ಟ ಹೊತ್ತು ಮರ್ತಿರ್ತೀನಿ."

ಮದುವೆಯಾದಾಗಿನಿಂದ ಇವರು ನನ್ನ ಹೆಸರು ಹಿಡಿದು ಕರೆದದ್ದು ಕಡಿಮೆ. ಅದಕ್ಕೋ ಏನೋ, ಬಾಯಿಂದ ಮಾತು ತಾನಾಗಿ ಬಂತು.

"ಹಂಗಾರ ನಾ ಮಾಡ್ತೀನಿ. ನೀವು ದೂರ ಕೂತು ಹೇಳ್ರಿ, ನಾ ಮಾಡ್ತೀನಿ. ನಿಮ್ಮ ಕೈ ಒಳಗ ಹೋಗಬಾರದು. ಅಷ್ಟೇ."

ಇವರು ನಕ್ಕರು. ನಾನು ನಗಲಿಲ್ಲ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಇದಕ್ಕಿಂತ ಬೇರೆ ದಾರಿ ನನಗೆ ಹೊಳೆಯಲಿಲ್ಲ. ಈಗ ಬರೆಯುತ್ತಾ ಕೂತರೆ ಏನು ಒಪ್ಪಿಕೊಂಡೆನೋ ಅನಿಸುತ್ತಿದೆ. ಮಿಕ್ಸರಿನ ಸ್ವಿಚ್ಚನ್ನೇ ನಾನು ಸೆರಗಿನಿಂದ ಒತ್ತುವವಳು.

ಜೂನ್ 17, ಸೋಮವಾರ

ಮೊದಲನೇ ಪಾಠ. ಪಾಠಕ್ಕಿಂತ ಮೊದಲು ಮೈಮೇಲಿನ ಲೋಹವೆಲ್ಲ ಇಳಿಯಬೇಕು ಎಂದರು. ಕೈಯ ಪಾಟಲಿ, ಉಂಗುರ, ಕಾಲುಂಗುರ. ಮಂಗಳಸೂತ್ರ ಬೆನ್ನಿಗೆ ತಿರುಗಿಸಿ ಕುಪ್ಪಸದೊಳಗೆ. ಅತ್ತೆ ಬಾಗಿಲಲ್ಲಿ ನಿಂತು ನೋಡುತ್ತಿದ್ದರು.

"ಗಂಡ ಹುಷಾರಿಲ್ಲದಾಗ ಹೆಣ್ಮಗಳು ಕಾಲುಂಗುರ ತೆಗಿತಾಳೇನು? ಅಪಶಕುನ ಅದು."

"ಕೆಲಸ ಮುಗಿದ ಮ್ಯಾಲ ಹಾಕೊಳ್ತಾಳವ್ವ. ಗಾಜಿನ ಬಳಿ ಕೈಯಾಗೇ ಇರಲಿ," ಎಂದರು ಇವರು.

ಅತ್ತೆಯ ಮಾತಿನಿಂದ ನನಗೂ ಅಳುಕಾಯಿತು. ಆದರೂ ತೆಗೆದೆ. ಅಪಶಕುನದ ಹೆದರಿಕೆ ದೊಡ್ಡದೋ ಕರೆಂಟಿನದು ದೊಡ್ಡದೋ ಎಂದು ತೂಗುತ್ತಾ ಕೂತರೆ ಹೊತ್ತು ಹೋಗುತ್ತದೆ.

ಎರಡನೆಯದು, ಎಡಗೈ ಸೊಂಟದ ಹಿಂದೆ. ಒಳಗೆ ಒಂದೇ ಕೈ ಹೋಗಬೇಕು. ಎರಡೂ ಕೈ ಹಾಕಿದರೆ ಕರೆಂಟು ಈ ಕೈಯಿಂದ ಆ ಕೈಗೆ ಹೋಗುವಾಗ ದಾರಿಯಲ್ಲಿ ಎದೆ ಸಿಗುತ್ತದೆ. ಇದನ್ನು ಹೇಳುವಾಗ ಇವರು ಬೆರಳಿನಿಂದ ತಮ್ಮ ಎದೆಯ ಮೇಲೇ ಗೆರೆ ಎಳೆದು ತೋರಿಸಿದರು. ನನಗೆ ನೋಡಲಾಗಲಿಲ್ಲ.

ಮೂರನೆಯದು ಬಲ್ಬು. ಒಂದು ಸಾದಾ ಬಲ್ಬಿಗೆ ಎರಡು ತಂತಿ. ಪ್ಲಗ್ ಕಿತ್ತ ಮೇಲೆ ಆ ತಂತಿಗಳನ್ನು ದೊಡ್ಡ ಡಬ್ಬಿಗೆ ತಾಗಿಸಬೇಕು. ಒಳಗೆ ಉಳಿದ ಕರೆಂಟನ್ನು ಬಲ್ಬು ಕುಡಿದುಬಿಡುತ್ತದೆ. ತಾಗಿಸಿದೆ. ಬಲ್ಬು ಒಂದು ಸಲ ಮಿಂಚಿ ಆರಿತು. ಪ್ಲಗ್ ಕಿತ್ತು ನಾನು ಚಹಾ ಮಾಡಿ ಕುಡಿದು ಬಂದಿದ್ದೆ, ಅಷ್ಟು ಹೊತ್ತೂ ಅದು ಒಳಗೆ ಹೊಂಚು ಹಾಕಿ ಕೂತಿತ್ತು. ತಂತಿ ನನ್ನ ಕೈಯಿಂದ ಬಿದ್ದುಹೋಯಿತು.

ನಾನೂ ಒಂದು ಕಾಯಿದೆ ಮಾಡಿದೆ. ಇವರ ಕುರ್ಚಿಯ ಮುಂದೆ ರಂಗೋಲಿಯಿಂದ ಗೆರೆ ಎಳೆದೆ. ಅದನ್ನು ದಾಟಬಾರದು. ಏನಿದ್ದರೂ ಬಿದಿರಿನ ಕೋಲಿನಿಂದ ಅಲ್ಲಿಂದಲೇ ತೋರಿಸಬೇಕು. ಒಂದು ಸ್ಕ್ರೂ ಬಿಚ್ಚಿ ಮತ್ತೆ ಹಾಕಿದೆ. ಇವತ್ತಿಗೆ ಅಷ್ಟೇ ಧೈರ್ಯ.

ಜೂನ್ 24, ಸೋಮವಾರ

ಇವತ್ತು ಬೆಸುಗೆ ಹಾಕಿದೆ. ಹಳೇ ಮೇಣದ ಕಾಗದದ ಕೆಪ್ಯಾಸಿಟರು ಸೋರುತ್ತವೆ, ಅದಕ್ಕೇ ಖರ್ರ್ ಎನ್ನುವ ಸದ್ದು. ಅವನ್ನು ತೆಗೆದು ಹೊಸವು ಹಾಕಬೇಕು. ಕಾದ ಬೆಸುಗೆ ಕಡ್ಡಿಯನ್ನು ತಂತಿಗೆ ತಾಗಿಸಿ ತಂತಿ ಕಾಯುವ ತನಕ ತಡೆದು, ಆಮೇಲೆ ಸೀಸ ಕೊಡಬೇಕು. ನಾನು ಅವಸರ ಮಾಡಿ ಹೆಬ್ಬೆರಳು ಸುಟ್ಟುಕೊಂಡೆ.

"ನೀ ಕುಪ್ಪಸಕ್ಕ ಹುಕ್ಕು ಹಚ್ಚೋವಾಗ ಹಿಂಗ ಗಡಿಬಿಡಿ ಮಾಡ್ತೇನು?" ಎಂದರು ಇವರು ಗೆರೆಯಾಚೆಯಿಂದ.

ಅದು ತಲೆಗೆ ಹೋಯಿತು. ಅರ್ಧ ಉಮರ್ಗಾದ ಹೆಂಗಸರ ಕುಪ್ಪಸ ಹೊಲಿದವಳು ನಾನು. ಹುಕ್ಕು ಹಚ್ಚುವಾಗ ಉಸಿರು ಹಿಡಿಯುತ್ತೇನೆ, ದಾರ ಕಚ್ಚಿದ ಮೇಲೆ ಬಿಡುತ್ತೇನೆ. ಇಲ್ಲೂ ಹಾಗೇ ಮಾಡಿದೆ. ಎರಡನೆಯದು ಚೆನ್ನಾಗಿ ಕೂತಿತು, ಮೂರನೆಯದು ಇನ್ನೂ ಚೆನ್ನಾಗಿ. ಇವರು ಕೋಲು ಎತ್ತುವ ಮೊದಲೇ ನಾಲ್ಕನೆಯದು ಎಲ್ಲಿಗೆಂದು ನನಗೆ ತಿಳಿದಿತ್ತು.

ಸಂಜೆ ರೆಕಾರ್ಡು ಹಚ್ಚಿದರು. ಎಡಗಡೆಯ ಖರ್ರ್ ಅರ್ಧ ಹೋಗಿದೆ. ಯಾರೋ ಮುದುಕ ಸಾರಂಗಿ ಬಾರಿಸುತ್ತಿದ್ದ. ಇವರ ಕೈ ಅಂಗಿಯ ಮೇಲಿಂದ ಇಳಿದು ತೊಡೆಯ ಮೇಲೆ ತಾಳ ಹಾಕುತ್ತಿತ್ತು. ಅತ್ತೆಯೂ ಜಪ ಬಿಟ್ಟು ಕೇಳಿದರು.

ಹೆದರಿಕೆ ಕಡಿಮೆಯಾಗಿಲ್ಲ. ಪ್ಲಗ್ ಹಾಕುವಾಗ ಇವತ್ತೂ ಕಣ್ಣು ಮುಚ್ಚಿಕೊಂಡೆ.

ಜುಲೈ 2, ಮಂಗಳವಾರ

ಉದಗೀರಕ್ಕೆ ನಾನೊಬ್ಬಳೇ ಹೋಗಿ ಬಂದೆ. ಉಳಿದರ್ಧ ಖರ್ರ್ ಹೋಗಲು ದೊಡ್ಡ ಡಬ್ಬಿ ಬದಲಿಸಬೇಕು, ಇವರಿಗೆ ಬಸ್ಸಿನ ಕುಲುಕಾಟ ಬೇಡವೆಂದು ಡಾಕ್ಟರು ಹೇಳಿದ್ದಾರೆ. ಧನರಾಜ ಎಂಬವನ ರೇಡಿಯೋ ಅಂಗಡಿ, ಈಗ ಹೆಚ್ಚಾಗಿ ಮೊಬೈಲ್ ರಿಪೇರಿ. ನಾನು ದೊಡ್ಡ ಡಬ್ಬಿ ಬೇಕು ಎಂದೆ, ಎಷ್ಟು ವೋಲ್ಟಿನದು ಎಂದ, ಹೇಳಿದೆ. ಮಾಸ್ತರು ಎಲ್ಲಿ ಎಂದ. ಅವರಿಗೆ ಪುರುಸೊತ್ತಿಲ್ಲ ಎಂದೆ.

ಬಂದ್ ಮಾಡಿದ ಮೇಲೆ ಉಳಿಯುವ ಕರೆಂಟಿಗೆ ಏನಾದರೂ ಉಪಾಯವಿಲ್ಲವೇ ಎಂದು ಕೇಳಿದೆ. "ಉಪಾಯ ಅದ ಅಲ್ಲರಿ ವೈನಿ," ಎಂದು ಒಂದು ರೆಸಿಸ್ಟರು ತೆಗೆದು ತೋರಿಸಿದ. ಅದನ್ನು ಡಬ್ಬಿಯ ಎರಡು ಕಾಲುಗಳ ನಡುವೆ ಹಾಕಿದರೆ, ಬಂದ್ ಮಾಡಿದ ಕೂಡಲೇ ಕರೆಂಟು ಅದರ ಮೂಲಕ ಸೋರಿ ತಾನೇ ಖಾಲಿಯಾಗುತ್ತದೆ. ಕೆಲವು ಕಂಪನಿಗಳು ಹಾಕುತ್ತಿದ್ದವು, ಕೆಲವು ಇಲ್ಲ. ನಾನು ತಕ್ಷಣ ತೆಗೆದುಕೊಂಡೆ.

ಮನೆಗೆ ಬಂದು ತೋರಿಸಿದರೆ ಇವರ ಮುಖ ಸೊಟ್ಟಗಾಯಿತು. "ಕಂಪನಿಯವರು ಇಟ್ಟಿಲ್ಲಂದ್ರ ಏನರ ವಿಚಾರ ಮಾಡೇ ಇಟ್ಟಿಲ್ಲ. ಅಸಲಿ ಇದ್ದಂಗ ಇರಬೇಕು."

"ಕೆಪ್ಯಾಸಿಟರ ಎಲ್ಲಾ ಬದಲ ಮಾಡಿಸಿರಲ್ಲ. ಆಗ ಅಸಲಿ ಎಲ್ಲಿ ಹೋಗಿತ್ತು?"

"ಅದು ಆವಾಜ಼ ಸಲುವಾಗಿ."

ಆವಾಜ಼ಿಗಾದರೆ ಏನು ಬೇಕಾದರೂ ಬದಲಿಸಬಹುದು, ಜೀವಕ್ಕಾದರೆ ಅಸಲಿ ಕೆಡುತ್ತದೆ. ಬಲ್ಬು ಇದೆಯಲ್ಲ, ಅದು ಸಾಕು ಎಂದರು. ನಾನು ಜಗ್ಗಾಡಲಿಲ್ಲ. ರೆಸಿಸ್ಟರನ್ನು ಹೊಲಿಗೆ ಮಷೀನಿನ ಡ್ರಾದಲ್ಲಿ ಇಟ್ಟೆ.

ಜುಲೈ 7, ರವಿವಾರ

ಬರೆಯಲು ಆಗುತ್ತಿಲ್ಲ. ಇಬ್ಬರೂ ಬದುಕಿದ್ದೇವೆ. ನಾಳೆ.

ಜುಲೈ 8, ಸೋಮವಾರ

 ಇವತ್ತು ಬರೆಯುತ್ತೇನೆ, ಇಲ್ಲದಿದ್ದರೆ ಅದೇ ಅದೇ ಕಣ್ಣ ಮುಂದೆ ಬರುತ್ತದೆ.

ನಿನ್ನೆ ಊಟದ ಮುಂಚೆ ದೊಡ್ಡ ಡಬ್ಬಿ ಬದಲಿಸಲು ಕೂತೆವು. ಮೊದಲು ಪ್ಲಗ್ ಹಾಕಿ ವಾಲ್ವು ಕಾಯಿಸಿ ಮೀಟರಿನಲ್ಲಿ ವೋಲ್ಟು ನೋಡಿದೆ. ಆಮೇಲೆ ಪ್ಲಗ್ ಕಿತ್ತೆ. ಪಾಟಲಿ, ಉಂಗುರ, ಕಾಲುಂಗುರ ಎಲ್ಲ ತೆಗೆದು ಅತ್ತೆಯ ಕೈಗೆ ಕೊಟ್ಟಾಗಿತ್ತು. ಎಡಗೈ ಸೊಂಟದ ಹಿಂದೆ. ಬಲ್ಬಿನ ತಂತಿ ತಾಗಿಸಿದೆ. ಬಲ್ಬು ಮಿಂಚಲಿಲ್ಲ.

"ಖಾಲಿ ಆಗ್ಯಾದ," ಎಂದರು ಇವರು. "ವಾಲ್ವು ಕುಡದಿರಬೇಕು. ಹಾಕು ಕೈ."

ಡಬ್ಬಿ ಒಳಮೂಲೆಯಲ್ಲಿತ್ತು. ಕಾಣಲಿಲ್ಲವೆಂದು ನಾನು ಪೂರ್ತಿ ಬಗ್ಗಿದೆ. ಆಗ ಕೊರಳಿನ ಕರಡಿಗೆ ಸೆರಗಿನಿಂದ ಜಾರಿ ಹೊರಗೆ ತೂಗಿತು.

ನಾವಿಬ್ಬರೂ ಲಿಂಗವಂತರು. ಬೆಳ್ಳಿಯ ಕರಡಿಗೆಯೊಳಗೆ ಇಷ್ಟಲಿಂಗ, ಶಿವದಾರದಲ್ಲಿ ಕೊರಳಿಗೆ. ಸ್ನಾನಕ್ಕೂ ತೆಗೆಯುವುದಿಲ್ಲ, ನಿದ್ದೆಗೂ ತೆಗೆಯುವುದಿಲ್ಲ. ಮೈಮೇಲಿನ ಲೋಹವೆಲ್ಲ ಇಳಿಸು ಎಂದು ಇವರು ಪ್ರತಿಸಲ ಒಂದೊಂದಾಗಿ ಕೇಳುತ್ತಿದ್ದರು, ನಾನು ಒಂದೊಂದಾಗಿ ತೋರಿಸುತ್ತಿದ್ದೆ. ಕರಡಿಗೆಯ ಹೆಸರು ಇವರ ಬಾಯಲ್ಲೂ ಬರಲಿಲ್ಲ, ನನ್ನ ಮನಸ್ಸಿಗೂ ಬರಲಿಲ್ಲ. ಅದು ಆಭರಣವೇ? ಅದು ನನ್ನ ಮೈ. ಅದೂ ಬೆಳ್ಳಿಯದು ಎಂದು ಹುಟ್ಟಿದಾಗಿನಿಂದ ನೆನಪಿಗೆ ಬಂದಿರಲಿಲ್ಲ.

ಅದು ಡಬ್ಬಿಯ ಕಾಲಿಗೂ ಪೆಟ್ಟಿಗೆಯ ತಗಡಿಗೂ ಒಟ್ಟಿಗೇ ತಾಗಿತು. ಪಟಾಕಿ ಒಡೆದಂಥ ಸದ್ದು. ಕಣ್ಣ ಮುಂದೆ ನೀಲಿ ಬೆಳಕು. ನಾನು ಸ್ಟೂಲಿನಿಂದ ಹಿಂದಕ್ಕೆ ಬಿದ್ದೆ. ತಲೆ ಗೋಡೆಗೆ ಬಡಿಯಿತು. ಶಾಕ್ ಹೊಡೆದಿರಲಿಲ್ಲ, ಬೆಚ್ಚಿ ಬಿದ್ದದ್ದು. ಆದರೆ ಗೆರೆಯಾಚೆ ಕೂತವರಿಗೆ ಅದು ಹೇಗೆ ಗೊತ್ತಾಗಬೇಕು?

ಕಣ್ಣು ತೆರೆದಾಗ ಕುರ್ಚಿ ಉರುಳಿತ್ತು. ರಂಗೋಲಿ ಅಳಿಸಿಹೋಗಿತ್ತು. ಇವರು ಎರಡೂ ಕೈ ಪೆಟ್ಟಿಗೆಯೊಳಗೆ ಹಾಕಿ, ಅದನ್ನು ನನ್ನ ಕಡೆಯಿಂದ ಆಚೆ ಗೋಡೆಗೆ ದೂಡುತ್ತಿದ್ದರು. ಎರಡೂ ಕೈ. ಎದೆಗೆ ಹತ್ತಿರವಾಗಿ.

ನಾನು ಕಿರುಚಿದೆ. ಏನೆಂದು ಕಿರುಚಿದೆನೋ ಗೊತ್ತಿಲ್ಲ. ಅತ್ತೆ ಹೇಳುತ್ತಾರೆ, ನಾನು ಇವರ ಹೆಸರು ಹಿಡಿದು ಕೂಗಿದೆನಂತೆ.

ಇವರಿಗೆ ಏನೂ ಆಗಲಿಲ್ಲ. ಡಬ್ಬಿಯಲ್ಲಿದ್ದದ್ದೆಲ್ಲ ಕರಡಿಗೆಯ ಮೇಲೆ ಖಾಲಿಯಾಗಿತ್ತು. ಆಮೇಲೆ ಬಲ್ಬನ್ನು ಅಲುಗಾಡಿಸಿ ನೋಡಿದೆ, ಒಳಗಿನ ಎಳೆ ತುಂಡಾಗಿ ಕಿಣಿಕಿಣಿ ಎನ್ನುತ್ತಿತ್ತು. ಕೆಟ್ಟ ಬಲ್ಬು ಮಿಂಚದ್ದನ್ನು ನೋಡಿ ಡಬ್ಬಿ ಖಾಲಿಯೆಂದು ನಾವಿಬ್ಬರೂ ನಂಬಿದ್ದೆವು.

ಅಷ್ಟಕ್ಕೇ ಮುಗಿಯಲಿಲ್ಲ. ಕರಡಿಗೆಯ ಅಂಚಿನಲ್ಲಿ ಬೆಳ್ಳಿ ಕರಗಿ ಕುಳಿ ಬಿದ್ದಿತ್ತು, ಸುತ್ತ ಕಪ್ಪು. ಒಳಗೆ ಲಿಂಗ ಹೇಗಿದೆಯೋ. ಲಿಂಗಕ್ಕೆ ಧಕ್ಕೆ ಬಂದರೆ ಬಾಯಿಗೆ ನೀರೂ ಹಾಕಬಾರದೆಂದು ಹಿರಿಯರ ಮಾತು. ಕರಡಿಗೆಯನ್ನು ಅಂಗೈಯಲ್ಲಿ ಹಿಡಿದುಕೊಂಡೆ, ತೆರೆಯಲು ಧೈರ್ಯ ಸಾಲಲಿಲ್ಲ. ಇವರು ಕೈ ಚಾಚಿ ಮತ್ತೆ ಹಿಂದಕ್ಕೆ ತೆಗೆದುಕೊಂಡರು. ಕೊನೆಗೆ ಅತ್ತೆ ನನ್ನ ಮುಂದೆ ಕೂತು, "ಕೊಡು ಇಲ್ಲಿ," ಎಂದರು. ಶಿವದಾರ ನನ್ನ ಕೊರಳಿನಲ್ಲೇ ಇತ್ತು. ಅತ್ತೆ ಮುಚ್ಚಳ ತಿರುಗಿಸಿ ನೋಡಿದರು. ಅವರ ತುಟಿ ಅಲುಗುತ್ತಿತ್ತು. 

"ಹಂಗೇ ಅದ," ಎಂದರು ಕೊನೆಗೆ. "ಏನೂ ಆಗಿಲ್ಲ. ಲಿಂಗಪ್ಪ ತನ್ನ ಮ್ಯಾಲ ತಗೊಂಡಾನ."

ಅತ್ತೆ ಹೇಳುವುದೂ ಖರೆ, ಬಲ್ಬು ಹೇಳುವುದೂ ಖರೆ. ಕರಡಿಗೆ ತಾಗದೇ ಇದ್ದಿದ್ದರೆ ನನ್ನ ಬೆರಳು ತಾಗುತ್ತಿತ್ತು. ಅಥವಾ ಇವರ ಎರಡು ಕೈ. ಇದರ ಮುಂದೆ ಯೋಚಿಸಲು ನನ್ನಿಂದಾಗದು.

ಜುಲೈ 10, ಬುಧವಾರ

ಇವರು ಆ ಕೋಣೆಗೆ ಕಾಲಿಡುತ್ತಿಲ್ಲ.

ಜುಲೈ 14, ರವಿವಾರ

ನಾನು ಬೇಡಿದ್ದು ಸಿಕ್ಕಿದೆ. ಇನ್ನು ಇವರು ಆ ಪೆಟ್ಟಿಗೆಯನ್ನು ಮುಟ್ಟುವುದಿಲ್ಲ. ಅತ್ತೆ ಸಕ್ಕರೆ ಹಂಚುವುದೊಂದು ಬಾಕಿ.

ಆದರೆ ಇವರು ಅಂಗಳದ ಕಟ್ಟೆಯ ಮೇಲೆ ಕೂತರೆ ಕೂತಲ್ಲೇ. ಕೈ ಅಂಗಿಯ ಮೇಲೆ. ಹೆದ್ದಾರಿಯಲ್ಲಿ ಹೈದರಾಬಾದಿನ ಬಸ್ಸು ಹೋಗುತ್ತದೆ, ಪುಣೆಯ ಬಸ್ಸು ಬರುತ್ತದೆ, ಇವರು ನೋಡುತ್ತಾರೆ. ಬಡಿಸಿದ್ದರಲ್ಲಿ ಅರ್ಧ ಬಿಡುತ್ತಾರೆ. ಮೊಬೈಲಿನಲ್ಲಾದರೂ ಹಾಡು ಕೇಳಿ ಎಂದೆ. ಬ್ಯಾಡ ಎಂದರು. ಶಾಲೆಗೆ ಹಾಕಿದ ಕಾಯಿಲೆ ರಜೆ ಮುಗಿಯುತ್ತ ಬಂತು, ಹೋಗುತ್ತೀರೇನು ಎಂದರೆ ನೋಡೋಣ ಎನ್ನುತ್ತಾರೆ.

ನಿನ್ನೆ ನಾನು ಫ್ಯಾನಿನ ರೆಗ್ಯುಲೇಟರು ಬಿಚ್ಚಿ ಧೂಳು ಒರೆಸುತ್ತಿದ್ದೆ. ಮೇನ್ ಬಂದ್ ಮಾಡಿಯೇ ಬಿಚ್ಚಿದ್ದು. ಇವರು ಒಳಗೆ ಬಂದವರು ಅದನ್ನು ನೋಡಿ ಗೋಡೆ ಹಿಡಿದು ನಿಂತುಬಿಟ್ಟರು.  ಇಷ್ಟು ಸಣ್ಣದಕ್ಕೆ ಹೀಗೆ ಹೆದರಿದರೆ ಹೇಗೆ, ಗಂಡಸರು.

ಜುಲೈ 16, ಮಂಗಳವಾರ

ಮಧ್ಯಾಹ್ನ ಕಟ್ಟೆಯ ಮೇಲೆ ಪಕ್ಕದಲ್ಲಿ ಕೂತು ಶೇಂಗಾ ಸುಲಿಯುತ್ತಾ ಕೇಳಿದೆ, "ಏನಾಗ್ಯಾದ ನಿಮಗ? ಖರೆ ಹೇಳ್ರಿ."

ಮೊದಲು ಏನಿಲ್ಲ ಎಂದರು. ಆಮೇಲೆ ನನ್ನ ಕಡೆ ನೋಡದೆ ಹೇಳಿದರು: "ನೀ ಬಿದ್ದಿ ನೋಡು. ಆಗ ನನಗ ಎದ್ಯಾಗಿಂದು ನೆನಪೇ ಇರಲಿಲ್ಲ. ಹೋಗಿ ಕೈ ಹಾಕಿದೆ. ಈಗ ಅದೇ ಅಂಜಿಕಿ. ನಾ ಹೇಳಿದೆ ಖಾಲಿ ಆಗ್ಯಾದ ಅಂತ. ನನ್ನ ಮಾತಿಗಿ ನೀ ಕೈ ಹಾಕ್ತಿದ್ದಿ. ಇನ್ನ ನನ್ನ ಬಾಯಿಂದ ಯಾವುದಕ್ಕೂ ಹೂಂ ಬರಲ್ದು, ಉಜ್ವಲಾ."

ನಾನು ಶೇಂಗಾ ಸುಲಿದೆ. ಇವರೂ ನಾಲ್ಕು ಸುಲಿದು ಕೊಟ್ಟರು. ಈ ಮನುಷ್ಯ ನನ್ನ ಸಲುವಾಗಿ ಎರಡು ಕೈ ಒಳಗೆ ಹಾಕಿದರು. ನಾನು ತಿಂಗಳಿಡೀ ಯಾವುದಕ್ಕೆ ಹೆದರಿದ್ದೆನೋ ಅದನ್ನೇ ನನಗೋಸ್ಕರ ಮಾಡಿದರು. ಅದನ್ನು ನೆನೆದು ಒಳಗೆ ಹೋಗಿ ಒಲೆಯ ಮುಂದೆ ಅತ್ತುಬಿಟ್ಟೆ.

ಜುಲೈ 18, ಗುರುವಾರ

ಅತ್ತೆಗೆ ಹೇಳಿದೆ, ಪೆಟ್ಟಿಗೆ ನಾನು ಮುಗಿಸುತ್ತೇನೆ, ನೀವು ಸ್ವಿಚ್ಚಿನ ಹತ್ತಿರ ಕೂರಬೇಕು. ಬೈಯುತ್ತಾರೆಂದುಕೊಂಡಿದ್ದೆ. ಮುದುಕಿ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಕರಡಿಗಿ ಏನ ಮಾಡ್ತಿ?" ಎಂದರು.

ನಾನು ಕರಡಿಗೆಯನ್ನು ಮುಷ್ಟಿಯಲ್ಲಿ ಹಿಡಿದೆ. ತೆಗೆದಿಡುವ ಮಾತೇ ಇಲ್ಲ.

"ಹೊಲದಾಗ ಕಳೀ ತೆಗಿಯೋವಾಗ ನಾವು ವಸ್ತ್ರದಾಗ ಸುತ್ತಿ ರಟ್ಟಿಗಿ ಕಟ್ಟತಿದ್ದೆವು. ಮೈಮ್ಯಾಲೇ ಇರ್ತದ, ಜೋತಾಡಲ್ದು," ಎಂದು ತಮ್ಮ ಹಳೇ ಸೀರೆಯ ಅಂಚು ಹರಿದು ಕೊಟ್ಟರು. ನಾನು ಅದನ್ನು ನಾಲ್ಕು ಪದರ ಮಡಚಿ ಹೊಲಿದು ಎಡರಟ್ಟೆಗೆ ಪಟ್ಟಿ ಮಾಡಿಕೊಂಡೆ.

ದೊಡ್ಡ ಡಬ್ಬಿ ಬದಲಿಸಿದೆ. ಹೊಸ ಬಲ್ಬು ತಂದಿದ್ದೇನೆ. ಅದನ್ನು ಮೊದಲು ನಡುಮನೆಯ ಹೋಲ್ಡರಿಗೆ ಹಾಕಿ ಉರಿಯುತ್ತದೆಂದು ನೋಡಿಯೇ ತಂತಿಗೆ ಕಟ್ಟುತ್ತೇನೆ. ಪ್ರತಿಸಲ. ಇವರು ಅಂಗಳದಿಂದ ಆಗಾಗ ಕೂಗುತ್ತಿದ್ದರು, "ಏನ ನಡದಾದ ಒಳಗ?" ಅತ್ತೆ ಉತ್ತರ ಕೊಡುತ್ತಿದ್ದರು, "ನಿನ್ನ ಹೆಂಡತಿ ಹೊಲಿಗಿ ಹಾಕಲತ್ಯಾಳ."

ಜುಲೈ 21, ರವಿವಾರ

ಡ್ರಾದಲ್ಲಿದ್ದ ರೆಸಿಸ್ಟರನ್ನು ಇವತ್ತು ಹಾಕಿದೆ. ಇವರನ್ನು ಕೇಳಲಿಲ್ಲ. ಅದರ ಕಾಲು ಬಗ್ಗಿಸಿ, ಡಬ್ಬಿಯ ಎರಡು ಕಾಲುಗಳಿಗೆ ಸುತ್ತಿ, ಬೆಸುಗೆ ಹಾಕಿ, ಉಳಿದದ್ದನ್ನು ಕತ್ತರಿಸಿದೆ. ಪ್ಲಗ್ ಹಾಕಿದೆ. ವಾಲ್ವುಗಳು ಕೆಂಪಾದವು. ಮೀಟರು ಇನ್ನೂರ ತೊಂಬತ್ತರ ಆಸುಪಾಸು ತೋರಿಸಿತು. ಪ್ಲಗ್ ಕಿತ್ತು ಕೂತು ನೋಡಿದೆ. ಅಂಕಿ ಇಳಿಯತೊಡಗಿತು. ಮೊದಲು ದಡದಡ, ಆಮೇಲೆ ನಿಧಾನ. ಅತ್ತೆಯೂ ಕನ್ನಡಕ ಹಾಕಿಕೊಂಡು ನನ್ನ ಭುಜದ ಮೇಲಿಂದ ನೋಡುತ್ತಿದ್ದರು. ಸೊನ್ನೆಗೆ ಬಂದು ನಿಂತಿತು. ಬಲ್ಬು ತಾಗಿಸಿದೆ, ಮಿಂಚಲಿಲ್ಲ. ಬಲ್ಬು ಬಿಚ್ಚಿ ಹೋಲ್ಡರಿಗೆ ಹಾಕಿದೆ, ಉರಿಯಿತು. ಮತ್ತೆ ಮೊದಲಿಂದ ಎಲ್ಲ ಮಾಡಿದೆ. ಮತ್ತೊಮ್ಮೆ ಮಾಡಿದೆ. ಆಮೇಲೆ ನನ್ನದೇ ಬೆರಳಿಟ್ಟು ನೋಡಿದೆ. ಏನೂ ಇಲ್ಲ.

ಹೊರಗೆ ಹೋಗಿ ಇವರನ್ನು ಕರೆದೆ. ಬಾಗಿಲ ತನಕ ಬಂದರು, ಹೊಸ್ತಿಲು ದಾಟಲಿಲ್ಲ.

"ಬೆಸುಗಿ ಗಟ್ಟಿ ಅದೇನು ಎಳದ ನೋಡ್ರಿ," ಎಂದೆ.

"ನೀನೇ ನೋಡು."

"ನನ್ನ ಕೆಲಸ ನಾನೇ ನೋಡಿದ್ರ ಹ್ಯಾಂಗ? ಮಾಸ್ತರ ನೀವು."

ನಿಂತೇ ಇದ್ದರು. ಅತ್ತೆ ಏನೋ ಹೇಳಲು ಬಾಯಿ ತೆರೆದರು, ನಾನು ಬೇಡವೆಂದು ಕಣ್ಣು ಮಾಡಿದೆ. ಬಹಳ ಹೊತ್ತಿನ ಮೇಲೆ ಒಳಗೆ ಬಂದರು. ಮೇಜಿನ ಮುಂದೆ ನಿಂತರು. ಮೀಟರು ಅಲ್ಲೇ ಇತ್ತು, ಅದನ್ನು ನೋಡಲಿಲ್ಲ. ನನ್ನ ಮುಖ ನೋಡಿದರು.

"ಖಾಲಿ ಅದ?"

"ಖಾಲಿ ಅದ," ಎಂದೆ.

ಎಡಗೈ ಸೊಂಟದ ಹಿಂದೆ ಹೋಯಿತು. ಬಲಗೈ ಪೆಟ್ಟಿಗೆಯೊಳಗೆ ಇಳಿಯಿತು.

 ಸೊನ್ನೆ ನಾನೇ ನೋಡಿದ್ದೆ, ಬೆರಳು ನಾನೇ ಇಟ್ಟಿದ್ದೆ, ಪ್ಲಗ್ಗು ನನ್ನ ಮುಷ್ಟಿಯಲ್ಲೇ ಇತ್ತು. ಆದರೂ ಅಷ್ಟು ಹೆದರಿಕೆ ಈ ಎರಡು ತಿಂಗಳಲ್ಲಿ ಯಾವತ್ತೂ ಆಗಿರಲಿಲ್ಲ. ಖಾಲಿ ಅದ ಎಂದವಳು ನಾನು.

ಇವರು ರೆಸಿಸ್ಟರಿನ ಕಾಲು ಹಿಡಿದು ಎಳೆದರು. ಇನ್ನೊಂದು ಕಾಲು ಎಳೆದರು. "ಗಟ್ಟಿ ಅದ," ಎಂದರು.  ಅದು ಯಾವ ರೆಸಿಸ್ಟರು, ಯಾಕೆ ಹಾಕಿದೆ ಎಂದು ಕೇಳಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, "ಈ ಮೂಲ್ಯಾಗಿಂದು ತಂತಿ ಸಡ್ಲ ಅದ, ನಾ ಹಚ್ಚತೀನಿ," ಎಂದು ನನ್ನ ಕೈಯಲ್ಲಿದ್ದ ಪ್ಲಗ್ಗಿಗೆ ಕೈ ಚಾಚಿದರು, ಬದಿಗೆ ಇಡಲು.

ನಾನು ಕೊಡಲಿಲ್ಲ.

"ಇದು ನನ್ನ ಹತ್ರ ಇರ್ತದ. ನಿಮ್ಮ ಕೈ ಒಳಗಿರೋ ತನಕ ಇದು ನನ್ನ ಕೈಯಾಗ."

ಇವರು ಹೂಂ ಎಂದು ಮತ್ತೆ ಒಳಗೆ ಕೈ ಹಾಕಿದರು. ನಾನು ಪ್ಲಗ್ಗು ಹಿಡಿದುಕೊಂಡು ಪಕ್ಕದಲ್ಲೇ ಕೂತೆ.